ಅಡುಗೆಮನೆಯ ಕೆಂಪು ಟೈಲು

ಪೂಜ್ಯ ಮಾವನವರಿಗೆ ಹಿರಿಸೊಸೆಯ ನಮಸ್ಕಾರಗಳು.

ಮಗಳ ಮನೆಯಲ್ಲಿ ಆರಾಮಾಗಿದ್ದೀರೆಂದು ತಿಳಿದಿದ್ದೇನೆ. ನೀವು ಊರಲ್ಲಿಲ್ಲದ ಈ ವಾರ, ಅಡುಗೆಮನೆಯ ಒಡೆದ ಟೈಲನ್ನು ಕಿತ್ತು ನಾನೇ ಬೇರೆ ಕೂರಿಸಿದೆ.

ಕುಕ್ಕರಿನ ಮುಚ್ಚಳ ನನ್ನ ಕೈಜಾರಿ ಬಿದ್ದಾಗ ಒಡೆದದ್ದು ಅದು. ಅಂದಿನಿಂದ ಮನೆಗೆ ಬಂದವರನ್ನೆಲ್ಲ ಒಳಗೆ ಕರೆದು, “ಇಡೀ ಮನೆಯ ನೆಲ ನಾನೇ ಹಾಕಿದ್ದು ಕಣ್ರೀ, ಇದೊಂದು ಮಾತ್ರ ನಮ್ಮ ಸೊಸೆ ಕೈಗುಣ” ಎಂದು ನಗಿಸುತ್ತಿದ್ದಿರಿ. ಟೀ ಲೋಟಗಳನ್ನು ಹಿಡಿದು ನಾನೂ ಅಲ್ಲೇ ನಿಂತಿರುತ್ತಿದ್ದೆ.

ಕಿತ್ತು ನೋಡಿದರೆ ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಸಿಮೆಂಟು, ನಡುವೆ ಬರೀ ಗಾಳಿ. ಅದರ ಮೇಲೆ ಚಮಚ ಬಿದ್ದಿದ್ದರೂ ಒಡೆಯುತ್ತಿತ್ತು. ನಾನು ಅಡಿ ತುಂಬ ಸಿಮೆಂಟು ಹರಡಿ ಕೂರಿಸಿದ್ದೇನೆ. ಅಂಗಡಿಯಲ್ಲಿ ನಮ್ಮ ನೆಲಕ್ಕೆ ಹೊಂದುವ ಬಿಳಿಯದೂ ಇತ್ತು, ಬೇಕೆಂದೇ ಕೆಂಪು ತಂದೆ. ಬಂದವರು ಯಾಕೆಂದು ಕೇಳಲಿ, ಹೇಳುತ್ತೇನೆ. ಹಳೆಯ ಚೂರುಗಳನ್ನು ಆ ಮುದ್ದೆಗಳ ಸಮೇತ ಎತ್ತಿಟ್ಟಿದ್ದೇನೆ.

ಆಮೇಲೆ ಸೌಟಿನ ಹಿಡಿಯಿಂದ ಮನೆಯ ನೆಲವನ್ನೆಲ್ಲ ತಟ್ಟಿ ನೋಡಿದೆ. ಹಜಾರದಲ್ಲಿ ನಿಮ್ಮ ಕುರ್ಚಿಯ ಕೆಳಗಿನ ಟೈಲುಗಳು ಖಾಲಿ ಡಬ್ಬದ ಹಾಗೆ ಸದ್ದು ಮಾಡುತ್ತವೆ. ಅವನ್ನು ಮುಟ್ಟಲು ಹೋಗಲಿಲ್ಲ. ದೊಡ್ಡವರ ಕೆಲಸಕ್ಕೆ ನಾನು ಕೈ ಹಾಕಬಾರದಲ್ಲ. ಬಂದ ಮೇಲೆ ಎಂದಿನಂತೆ ಅದೇ ಕುರ್ಚಿಯಲ್ಲಿ ಧೊಪ್ಪೆಂದು ಕೂತುಕೊಳ್ಳಿ. ಮನೆ ತುಂಬ ನೆಂಟರಿದ್ದಾಗ ಕೂತರೆ ಇನ್ನೂ ಒಳ್ಳೆಯದು. ಟೀ ಲೋಟಗಳನ್ನು ಹಿಡಿದು ನಾನೂ ಅಲ್ಲೇ ನಿಂತಿರುತ್ತೇನೆ.

ಇಂತಿ,
ಉಗುರಿನ ಸಿಮೆಂಟು ಇನ್ನೂ ಬಿಡದ
ನಿಮ್ಮ ಸೊಸೆ