ಮೂರನೆಯ ಬರೆ ಮತ್ತು ನೀವು ತಡೆಹಿಡಿದ ಹಾಲ್ ಟಿಕೆಟ್

ವೈದ್ಯ ಪರವಾನಗಿ ಪರೀಕ್ಷೆಯ ಮೇಲಧಿಕಾರಿಗಳಾದ ಮಾನ್ಯರೇ,

ನನ್ನ ಮಗಳು ರಕ್ಷಾಳ ಹಾಲ್ ಟಿಕೆಟನ್ನು ತಾವು ತಡೆಹಿಡಿದಿದ್ದೀರಿ. ಪರೀಕ್ಷೆಗೆ ಇನ್ನು ಹದಿನೇಳು ದಿನ. ಪರವಾನಗಿ ಇಲ್ಲದೆ ಚಿಕಿತ್ಸೆ ನೀಡಿದ ಆರೋಪದ ವಿಚಾರಣೆ ಬಾಕಿ ಇದೆ ಎಂದು ತಮ್ಮ ನೋಟಿಸು ಹೇಳುತ್ತದೆ. ಎರಡು ಸಲ ಉತ್ತರ ಕಳಿಸಿದೆ. ಎರಡೂ ಸಲ "ಸ್ವೀಕರಿಸಲಾಗಿದೆ" ಎಂಬ ಒಂದೇ ಪದ ಮರಳಿ ಬಂತು. ಹಾಗಾಗಿ ಮೂರನೆಯದನ್ನು ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಹೊನ್ನಾಳಿಯ ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸುವವಳು. ದಿನಕ್ಕೆ ನೂರಿಪ್ಪತ್ತು ಹೊಟ್ಟೆ ತುಂಬಿಸುತ್ತೇನೆ. ಯಾವ ಹೊಟ್ಟೆಗೆ ಎಷ್ಟು ರೊಟ್ಟಿ ಬೇಕೆಂದು ಮುಖ ನೋಡಿ ಹೇಳಬಲ್ಲೆ. ಮಗಳು ಹೊರದೇಶದಲ್ಲಿ ಆರು ವರ್ಷ ವೈದ್ಯಕೀಯ ಓದಿ ಬಂದು ತಮ್ಮ ಪರೀಕ್ಷೆಗೆ ಕೂತಳು. ಮೂರು ಅಂಕ ಸಾಲಲಿಲ್ಲ. ಕೈಕೊಟ್ಟದ್ದು ಜೀರ್ಣಾಂಗದ ರೋಗಗಳ ಭಾಗ. ಖಾನಾವಳಿಯವಳ ಮಗಳು ಹೊಟ್ಟೆಯಲ್ಲೇ ನಪಾಸಾದಳೆಂದು ಜನ ನಗದೆ ಇರುತ್ತಾರೆಯೇ? ಒಗ್ಗರಣೆ ಸದ್ದಿನಲ್ಲಿ ಓದು ಹತ್ತುವುದಿಲ್ಲ ಎಂದಳು. ಜಗಳೂರು ತಾಲ್ಲೂಕಿನಲ್ಲಿ, ಬಿಳಿಚೋಡಿನಿಂದಾಚೆ ಇರುವ ನನ್ನ ತವರು ಹಟ್ಟಿಗೆ ಕಳಿಸಿದೆ. ಅಲ್ಲಿ ಕುರಿ ಬಿಟ್ಟರೆ ಬೇರೆ ಸದ್ದಿಲ್ಲ.

ಹೋದ ತಿಂಗಳ ಒಂದು ಭಾನುವಾರ ಅವಳನ್ನು ನೋಡಲು ಹೋಗಿದ್ದೆ. ನನ್ನ ಅಣ್ಣ ಧರ್ಮಪ್ಪ ಮಂಡಿನೋವಿಗೆಂದು ನಾಲ್ಕು ತಿಂಗಳಿಂದ ಅಂಗಡಿಯ ಗುಳಿಗೆ ನುಂಗುತ್ತಿದ್ದ, ಅದೂ ಖಾಲಿ ಹೊಟ್ಟೆಗೆ. ಮಧ್ಯಾಹ್ನ ಕುರಿರೊಪ್ಪದ ಬಾಗಿಲಲ್ಲಿ ಚೂರಿಯಿಂದ ಇರಿತ ತಿಂದವನ ಹಾಗೆ ಮಡಚಿಕೊಂಡು ಬಿದ್ದ. ಒಳಗೆ ತಂದು ಮಲಗಿಸಿದೆವು. ರಕ್ಷಾ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು.

"ಮಾವನ ಹೊಟ್ಟೆ ಹಲಗೆ ಆಗೈತೆ. ಒಳಗೆ ತೂತು ಬಿದ್ದೈತೆ. ನೀರು ಕುಡಿಸಬ್ಯಾಡ್ರಿ, ಗಾಡಿ ತರ್ರಿ."

ಅಣ್ಣನ ಮಗ ದುರುಗೇಶ್ ಚೆಂಬು ಹಿಡಿದು ನಿಂತಿದ್ದ. "ಮೂರು ಮಾರ್ಕ್ಸ್ ಬಾಕಿ ಐತಲ್ಲ, ಅದನ್ನ ತಗೊಂಬಾ ಮೊದ್ಲು. ಆಮ್ಯಾಲೆ ನಮ್ಮಪ್ಪನ ಹೊಟ್ಟೆ ಮುಟ್ಟುವಂತೆ" ಎಂದ.

ಚಿಕ್ಕಹನುಮಂತಪ್ಪನವರಿಗೆ ಹೇಳಿಕಳಿಸಿದರು. ಅವರು ಬರೆ ಹಾಕುವವರು. ಕುರಿಗೂ ಮನುಷ್ಯರಿಗೂ ಒಂದೇ ಸರಳು. ಹೊಟ್ಟೆನೋವಿಗೆ ಹೊಕ್ಕುಳ ಸುತ್ತ ಮೂರು ಬರೆ. ಮೂರೂ ಬಿದ್ದ ಮೇಲೆ ರೋಗಿ ಮೂರು ದಿನ ಹೊಸ್ತಿಲು ದಾಟುವಂತಿಲ್ಲ, ಅದು ಹಟ್ಟಿಯ ಕಟ್ಟಳೆ. ಸರಳು ಒಲೆಯಲ್ಲಿ ಕೆಂಪಗಾಯಿತು. ದುರುಗೇಶ್ ಅಪ್ಪನ ಭುಜ ಅದುಮಿ ಹಿಡಿದ. ಕಾಲು ಹಿಡಿದವಳು ನಾನು. ಮಾನ್ಯರೇ, ಮಗಳನ್ನು ಆರು ವರ್ಷ ವೈದ್ಯಕೀಯ ಓದಿಸಿದ ಇದೇ ಕೈಗಳಿಂದ ಹಿಡಿದೆ. ಅಣ್ಣನ ಕಣಕಾಲಿನ ಮೇಲೆ ನನ್ನ ಹತ್ತು ಬೆರಳಿನ ಗುರುತು ಎಂಟು ದಿನ ಇತ್ತು.

ಮೊದಲನೆಯ ಬರೆಗೆ ಚರ್ಮ ಚುರ್ ಎಂದು ಸುಲಿದು ಸರಳಿಗೆ ಅಂಟಿಕೊಂಡು ಬಂತು. ಎರಡನೆಯದಕ್ಕೆ ಅಣ್ಣ ನಾಲಿಗೆ ಕಚ್ಚಿಕೊಂಡು ರಕ್ತ ಉಗುಳಿದ. ಮೂವತ್ತು ವರ್ಷ ಒಲೆ ಮುಂದೆ ನಿಂತವಳು ನಾನು. ಆ ವಾಸನೆ ಅಡುಗೆಯ ವಾಸನೆಯ ಹಾಗೇ ಇತ್ತು. ರಕ್ಷಾ ನುಗ್ಗಿ ಬಂದಳು. ದುರುಗೇಶ್ ಮೊಣಕೈಯಿಂದ ಬಾಯಿಗೆ ಬಿಟ್ಟ. ತುಟಿ ಹರಿದು, ಒಂದು ಹಲ್ಲು ಒಲೆಯ ಬೂದಿಗೆ ಹೋಗಿ ಬಿತ್ತು. ಎದ್ದಳು. ಮೂರನೆಯ ಸಲ ಇಳಿಯುತ್ತಿದ್ದ ಸರಳನ್ನು ಎರಡೂ ಅಂಗೈಯಿಂದ ಹಿಡಿದಳು, ಬಿಡಲಿಲ್ಲ. ಬಿಡಿಸುವಾಗ ಅಂಗೈಯ ಚರ್ಮ ಸರಳಿನ ಜೊತೆಗೇ ಹೋಯಿತು.

ಅಷ್ಟು ಹೊತ್ತು ಗೋಡೆಗೊರಗಿ ಕೂತಿದ್ದ ಅತ್ತಿಗೆ ಅಂಜಿನಮ್ಮ ಬಾಯಿ ಬಿಟ್ಟಳು.

"ಅಜ್ಜಾ, ಮೂರನೇದು ಎಲ್ಲಿ ಬಿತ್ತು?"

"ಈ ಹುಡುಗಿ ಕೈಯಾಗೆ" ಎಂದರು ಚಿಕ್ಕಹನುಮಂತಪ್ಪ.

"ಅಂದ್ರೆ ನನ್ನ ಗಂಡಗೆ ಬಿದ್ದಿದ್ದು ಎರಡೇ. ಎರಡಕ್ಕೆ ಹೊಸ್ತಿಲ ಕಟ್ಟು ಇಲ್ಲ. ಎತ್ತೋ ದುರುಗೇಶ, ಗಾಡಿಗೆ ಹಾಕು."

ಕುರಿ ಸಾಗಿಸುವ ಗೂಡ್ಸ್ ಗಾಡಿಯಲ್ಲಿ ದಾವಣಗೆರೆಗೆ ಒಯ್ದೆವು. ಎಕ್ಸ್‌ರೇಯಲ್ಲಿ, ಎದೆಗೂ ಹೊಟ್ಟೆಗೂ ನಡುವಿನ ಪರದೆಯ ಕೆಳಗೆ ಗಾಳಿ ನಿಂತಿತ್ತು. ಜಠರದಲ್ಲಿ ಹೆಸರುಕಾಳಿನಷ್ಟು ತೂತು. ಕೊಯ್ದು, ತೊಳೆದು, ಮುಚ್ಚಿದರು. "ನೀರು ಕುಡಿಸ್ದೆ ಇದ್ದಿದ್ದು ಒಳ್ಳೇದಾಯ್ತು. ಯಾರು ಹೇಳಿದ್ರು?" ಎಂದು ಶಸ್ತ್ರಚಿಕಿತ್ಸೆಯ ವೈದ್ಯರು ಕೇಳಿದರು. ದುರುಗೇಶ್ ನೆಲ ನೋಡುತ್ತ, "ನಮ್ಮತ್ತೆ ಮಗಳು ರೀ. ಡಾಕ್ಟ್ರು" ಎಂದ.

ಅಣ್ಣ ಈಗ ಗಂಜಿ ಉಣ್ಣುತ್ತಿದ್ದಾನೆ. ನೋಟಿಸು ಬಂದದ್ದು ಮಗಳಿಗೆ.

ತಮ್ಮ ಕಡತದಲ್ಲಿರುವ ದೂರಿನ ಕೆಳಗಿನ ಹೆಬ್ಬೆಟ್ಟು ಯಾರದೆಂದು ತಾವು ನೋಡಿದ್ದೀರಾ? ಪರವಾನಗಿ ಇಲ್ಲದೆ ಹೊಟ್ಟೆ ಮುಟ್ಟಿ ರೋಗ ಹೇಳಿದಳು, ತನ್ನ ಚಿಕಿತ್ಸೆಗೆ ಅಡ್ಡಿ ಬಂದಳು ಎಂದು ಅದನ್ನು ಬರೆಸಿ ಒತ್ತಿದವರು ಚಿಕ್ಕಹನುಮಂತಪ್ಪನವರೇ. ಅವರಿಗೆ ಯಾಕೆ ನೋಟಿಸಿಲ್ಲ ಎಂದು ತಮ್ಮ ಕಚೇರಿಗೆ ಫೋನ್ ಮಾಡಿ ಕೇಳಿದೆ. "ಅವರು ನಮ್ಮ ಪರೀಕ್ಷೆಗೆ ಅರ್ಜಿ ಹಾಕಿಲ್ಲವಲ್ಲಮ್ಮ, ನಮ್ಮ ವ್ಯಾಪ್ತಿಗೆ ಬರೋದಿಲ್ಲ" ಎಂಬ ಉತ್ತರ ಸಿಕ್ಕಿತು. ಸರಿಯೇ. ಓದದವನು ಕಾದ ಕಬ್ಬಿಣ ಹಿಡಿದು ಹಟ್ಟಿ ಹಟ್ಟಿ ತಿರುಗಬಹುದು. ಓದಿದವಳು ಬಾಯಿ ತೆರೆದರೆ ಅಪರಾಧ. ನನ್ನ ಮಗಳು ಸೂಜಿ ಚುಚ್ಚಲಿಲ್ಲ, ಗುಳಿಗೆ ಕೊಡಲಿಲ್ಲ. ಅವಳ ಚಿಕಿತ್ಸೆಯೆಲ್ಲ ಸೇರಿ ನಾಲ್ಕು ಪದ: ನೀರು ಕುಡಿಸಬ್ಯಾಡ್ರಿ, ಗಾಡಿ ತರ್ರಿ. ಇದೇ ಗುಳಿಗೆ, ಇದೇ ಹಲಗೆಯಂಥ ಹೊಟ್ಟೆ ತಮ್ಮ ಪ್ರಶ್ನೆಪತ್ರಿಕೆಯಲ್ಲಿ ಬಂದರೆ ಅದೇ ಉತ್ತರಕ್ಕೆ ಒಂದು ಅಂಕ ಕೊಡುತ್ತೀರಿ. ಕಾಗದದ ರೋಗಿಯನ್ನು ಉಳಿಸಿದರೆ ಅಂಕ, ಸೋದರಮಾವನನ್ನು ಉಳಿಸಿದರೆ ವಿಚಾರಣೆ. ಇದು ಯಾವ ಶಾಸ್ತ್ರ?

ವಿಚಾರಣೆ ಬೇಕೇ ಬೇಕೆಂದರೆ ನನ್ನನ್ನು ಕರೆಯಿರಿ. ಕಾಲು ಹಿಡಿದವಳು ನಾನು. ಹೊನ್ನಾಳಿಯಿಂದ ಮೊದಲ ಬಸ್ಸಿಗೇ ಬರುತ್ತೇನೆ. ಬರೆ ಬಿದ್ದವರು ಹೊಸ್ತಿಲು ದಾಟಬಾರದು ಎಂಬುದು ನಮ್ಮ ಹಟ್ಟಿಯ ಕಟ್ಟಳೆ ಅಂದುಕೊಂಡಿದ್ದೆ. ತಮ್ಮ ಪರೀಕ್ಷಾ ಕೊಠಡಿಯ ಹೊಸ್ತಿಲಿಗೂ ಅದೇ ಕಟ್ಟಳೆ ಇದೆಯೆಂದು ತಿಳಿದಿರಲಿಲ್ಲ. ನನ್ನ ಅತ್ತಿಗೆ ಅಕ್ಷರ ಕಲಿತವಳಲ್ಲ, ಆದರೂ ಆ ಕಟ್ಟಳೆಯೊಳಗೇ ಒಂದು ದಾರಿ ಹುಡುಕಿದಳು. ತಾವು ಕಲಿತವರು.

ಏಳು ದಿನದೊಳಗೆ ಹಾಲ್ ಟಿಕೆಟ್ ಬಿಡುಗಡೆ ಮಾಡಿ. ಬೇರೆ ರಿಯಾಯಿತಿ ಬೇಡ. ಅವಳ ಅಂಗೈ ಬೆಂದಿದೆ, ಬೆರಳ ತುದಿ ಉಳಿದಿದೆ. ಕಂಪ್ಯೂಟರಿನಲ್ಲಿ ಉತ್ತರ ಒತ್ತಲು ಅಷ್ಟು ಸಾಕು. ನಾನಿದನ್ನು ಬರೆಯುವಾಗ ಅವಳು ಖಾನಾವಳಿಯ ಮೂಲೆ ಮೇಜಿನಲ್ಲಿ, ಕೈಗೆ ಪಟ್ಟಿ ಸುತ್ತಿಕೊಂಡು, ಅದೇ ಜಠರದ ಹುಣ್ಣಿನ ಪಾಠ ಓದುತ್ತಿದ್ದಾಳೆ. ಪುಟ ತಿರುವಲು ದುರುಗೇಶ್ ಎದುರಿಗೆ ಕೂತಿದ್ದಾನೆ. "ಮುಂದಕ್ಕೆ ಹಾಕ್ಲೇನವ್ವಾ?" ಎಂದು ಕೇಳುತ್ತಾನೆ, ಅವಳು ಹೂಂ ಅಂದರೆ ತಿರುವುತ್ತಾನೆ. ಅವಳ ಹಲ್ಲು ಮುರಿದವನೇ ಅಷ್ಟು ಮಾಡುತ್ತಿರುವಾಗ, ತಾವೂ ಮಾಡಬಹುದು.

ಇಂತಿ,
ನೂರಿಪ್ಪತ್ತು ಹೊಟ್ಟೆಯ ಹದ ಬಲ್ಲೆನೆಂದು ಬೀಗಿ, ಅಣ್ಣನ ಹೊಟ್ಟೆಯ ಮುಂದೆ ಸೋತ
ಉಚ್ಚಂಗಮ್ಮ
ಖಾನಾವಳಿ, ಬಸ್ ನಿಲ್ದಾಣದ ಹಿಂದೆ, ಹೊನ್ನಾಳಿ