ಹೆಬ್ಬೆರಳಿಟ್ಟು ಆಡುವ ಮಾತು

ಭಾನುವಾರ, ಹನ್ನೆರಡನೇ ತಾರೀಕು
ಮಧ್ಯಾಹ್ನ, ಅಡುಗೆಮನೆಯ ಮೇಜಿನಿಂದ

ಲೋ ಸಾರಥಿ,

ಹೇಗಿದ್ದೀಯ? ಅತ್ತಿಗೆ, ಮಕ್ಕಳು, ನಿನ್ನ ಹಾಳು ಮಂಡಿನೋವು, ಎಲ್ಲರೂ ಕ್ಷೇಮವೆಂದುಕೊಂಡು ಬರೆಯಲು ಕೂತಿದ್ದೇನೆ. ಏಳು ತಿಂಗಳಿಗೆ ಇದೇ ಮೊದಲ ಕಾಗದ, ತಪ್ಪಾಯಿತು. ಕತ್ತರಿ ಬಿದ್ದದ್ದು ಗಂಟಲಿಗೆ, ಕೈ ನೆಟ್ಟಗೇ ಇತ್ತು, ಎಂದೋ ಬರೆಯಬಹುದಿತ್ತು. ಆದರೆ ನೀನೂ ಬಾರದೆ ಕೂತೆ, ನಾನೂ ಬರೆಯದೆ ಕೂತೆ. ಇಬ್ಬರದೂ ಸೇರಿಸಿದರೆ ನೂರಹತ್ತು ವರ್ಷ ವಯಸ್ಸು, ಶಾಲೆ ಮಕ್ಕಳ ಹಾಗೆ ಟೂ ಬಿಟ್ಟುಕೊಂಡು ಕೂತೆವು!

ಮೊದಲು ಸುದ್ದಿ ಹೇಳಿಬಿಡುತ್ತೇನೆ, ತಡೆದುಕೊಳ್ಳಲು ಆಗುತ್ತಿಲ್ಲ. ನಾನು ಮಾತಾಡುತ್ತಿದ್ದೇನೆ ಕಣೋ! ಸ್ಲೇಟಿಲ್ಲ, ಕೈಸನ್ನೆಯಿಲ್ಲ, ಬಾಯಲ್ಲಿ ಮಾತು! ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದರಲ್ಲ, ಈಗ ನನ್ನ ಉಸಿರಾಟವೆಲ್ಲ ಕತ್ತಿನ ಬುಡದಲ್ಲಿರುವ ಒಂದು ತೂತಿನಿಂದ. ಹೋದ ತಿಂಗಳು ಅದರೊಳಗೆ ಅಂಗಿಯ ಗುಂಡಿಯಷ್ಟು ಸಣ್ಣದೊಂದು ಕವಾಟ ಕೂರಿಸಿದರು. ತೂತನ್ನು ಹೆಬ್ಬೆರಳಿನಿಂದ ಮುಚ್ಚಿದರೆ ಗಾಳಿ ಬಾಯಿಗೆ ಏರುತ್ತದೆ, ಮಾತು ಹೊರಡುತ್ತದೆ. ಬೆರಳು ತೆಗೆದರೆ ಬಂದ್. ನಿನ್ನ ತಂಗಿ (ನನ್ನ ಹೆಂಡತಿಯನ್ನು ನೀನು ಹಾಗೆ ಕರೆಯುವುದನ್ನು ಬಿಟ್ಟಿಲ್ಲ ತಾನೇ?) ಅದನ್ನು ನೋಡಿ, "ಇಂಥದೊಂದು ಸ್ವಿಚ್ಚು ಮದುವೆ ದಿನಾನೇ ಹಾಕಿಸಿಕೊಟ್ಟಿದ್ರೆ ನಾನು ಎಷ್ಟು ಸುಖವಾಗಿರ್ತಿದ್ದೆ" ಅಂದಳು.

ಮೊದಲ ಮಾತಿನ ಕಥೆ ಕೇಳು. ಆಸ್ಪತ್ರೆಯಲ್ಲಿ ನಮ್ಮಂಥವರಿಗೆ ಮಾತು ಕಲಿಸುವವರೊಬ್ಬರಿದ್ದಾರೆ. ಸಣ್ಣ ವಯಸ್ಸು, ಕನ್ನಡಕ, ಭಾರೀ ಶಿಸ್ತು. ನಾನು ಅವರಿಗೆ ಮಾತಿನ ಮೇಷ್ಟ್ರಮ್ಮ ಎಂದು ಹೆಸರಿಟ್ಟಿದ್ದೇನೆ. "ಉಸಿರು ತಗೊಳ್ಳಿ, ಬೆರಳಿಟ್ಟು ಮುಚ್ಚಿ, ಸುಮ್ನೆ 'ಆ' ಅನ್ನಿ" ಅಂದರು. ಮೂರು ಸಲ ಬರೀ ಬುಸ್ ಎಂದಿತು. ನಾಲ್ಕನೇ ಸಲ ಬಾಗಿಲಲ್ಲಿ ಇಬ್ಬರು ನರ್ಸುಗಳು, ನಿನ್ನ ತಂಗಿ, ಯಾರೋ ಒಬ್ಬ ವಾರ್ಡಿನವನು, ಎಲ್ಲ ಕತ್ತು ಚಾಚಿ ನಿಂತಿದ್ದರು. ನನಗೇ ಗೊತ್ತಿಲ್ಲದ ಹಾಗೆ ಬಾಯಿಂದ ಬಂದದ್ದು, "ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ!" ದನಿ ಹಳೆಯ ಡೀಸೆಲ್ ಇಂಜಿನ್ನಿನದು, ಒರಟು, ತಗ್ಗು. ಆದರೆ ಮಾತು ಅಪ್ಪಟ ಕಂಡಕ್ಟರನದು. ಮೇಷ್ಟ್ರಮ್ಮನ ಶಿಸ್ತೆಲ್ಲ ಹಾರಿಹೋಗಿ ಮೇಜು ಬಡಿದು ನಕ್ಕರು. ನಿನ್ನ ತಂಗಿ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ಗೋಡೆ ಕಡೆ ತಿರುಗಿದಳು.

ಅದಕ್ಕೂ ಮುಂಚಿನ ಆರು ತಿಂಗಳು ಹೇಗಿತ್ತು ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮೂಗಿನಿಂದ ಉಸಿರಾಡದ ಮೇಲೆ ವಾಸನೆ ಹತ್ತುವುದೇ ಕಡಿಮೆ, ಒಲೆಯ ಮೇಲೆ ಹಾಲು ಹೊತ್ತಿದರೂ ನನಗೆ ತಿಳಿಯದು. ಬಿಸಿ ಕಾಫಿಗೆ ಊದಲು ಹೋಗಿ ಬೆಪ್ಪನಂತೆ ತುಟಿ ಚೂಪು ಮಾಡಿಕೊಂಡು ಕೂರುತ್ತಿದ್ದೆ. ಒಂದು ದಿನ ಬೀರುವಿನಿಂದ ಡ್ಯೂಟಿ ಸೀಟಿ ತೆಗೆದು ಬಾಯಿಗಿಟ್ಟೆ. ಉಸಿರು ಬರುವುದು ಕತ್ತಿನಿಂದ, ಸೀಟಿ ಇರುವುದು ಬಾಯಲ್ಲಿ! ಅವತ್ತು ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ.

ಜನ ಇನ್ನೂ ವಿಚಿತ್ರ. ಮಾತು ಬಾರದವನಿಗೆ ಕಿವಿಯೂ ಕೇಳುವುದಿಲ್ಲ ಎಂದು ಎಲ್ಲರ ಲೆಕ್ಕ. ಪಕ್ಕದ ಮನೆಯ ಅಜ್ಜಿ ನನ್ನ ಎದುರು ನಿಂತು, ಊಟ ಆಯಿತಾ ಎನ್ನುವುದನ್ನು ಕೈಯಲ್ಲೇ ಅಭಿನಯ ಮಾಡಿ ತೋರಿಸುತ್ತಿದ್ದರು. ನಾನು ಸ್ಲೇಟಿನಲ್ಲಿ "ಆಯಿತು" ಎಂದು ಬರೆದರೆ ಅವರು ಬಳಪ ಕಿತ್ತುಕೊಂಡು ಕೆಳಗೆ "ಸಂತೋಷ" ಎಂದು ಬರೆಯುತ್ತಿದ್ದರು. ನನ್ನ ಭಾವಮೈದನಂತೂ ಕಾಯಿಲೆಯ ಹೆಸರನ್ನೇ ಎತ್ತುವುದಿಲ್ಲ. "ಅದು ಈಗ ಹೇಗಿದೆ?" "ಅದಕ್ಕೆ ಕರೆಂಟು ಕೊಟ್ಟು ಮುಗೀತಾ?" (ರೇಡಿಯೇಷನ್ನಿಗೆ ಅವನಿಟ್ಟ ಹೆಸರು ಕರೆಂಟು.) ಒಂದು ದಿನ ತಲೆಕೆಟ್ಟು ಸ್ಲೇಟಿನ ತುಂಬ ದಪ್ಪಕ್ಕೆ ಬರೆದೆ: "ಕ್ಯಾನ್ಸರ್. ಹೆಸರು ಹೇಳಿದರೆ ಅಂಟಿಕೊಳ್ಳುವುದಿಲ್ಲ." ಓದಿ ಸ್ಲೇಟನ್ನು ಮೇಜಿನ ಮೇಲೆ ಬೋರಲು ಹಾಕಿದ. ಆಮೇಲೆ, "ಭಾವ, ನಂಗೆ ಭಯ ಆಗುತ್ತೆ" ಅಂದ. ನನಗೂ ಆಗುತ್ತದೆ ಎಂದು ಬರೆದೆ. ಅವತ್ತಿನಿಂದ ನಾವು ಸರಿಯಾಗಿದ್ದೇವೆ. ಮೊನ್ನೆಯ ತಪಾಸಣೆಯಲ್ಲಿ ಏನೂ ಸಿಕ್ಕಲಿಲ್ಲ, ಮೂರು ತಿಂಗಳಿಗೆ ಮತ್ತೆ ನೋಡುತ್ತಾರೆ. ನಡುವಿನ ದಿನಗಳು ನನ್ನವು.

ಈಗ ಗುರುವಾರದ ವಿಷಯ. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಲಿನನ್ ಕೋಣೆಯ ಪಕ್ಕ, ಹನ್ನೆರಡು ಕುರ್ಚಿಗಳ ಒಂದು ರೂಮಿದೆ. ಪ್ರತಿ ಗುರುವಾರ ಮೂರು ಗಂಟೆಗೆ ಕಾಯಿಲೆಯವರು, ಅವರ ಮನೆಯವರು ಅಲ್ಲಿ ಸೇರುತ್ತಾರೆ. ಮೊದಲ ವಾರ ಎಲ್ಲರೂ ಬಾಗಿಲ ಹತ್ತಿರದ ಕುರ್ಚಿಗೇ ಮುಗಿಬಿದ್ದಿದ್ದರು, ಬೇಗ ಎದ್ದು ಓಡಬಹುದಲ್ಲ ಎಂದು. ನನಗೆ ಸುಮ್ಮನಿರಲು ಸಾಧ್ಯವೇ? ಒಬ್ಬೊಬ್ಬರನ್ನೇ ಎಬ್ಬಿಸಿ ಸೀಟು ಹಂಚಿದೆ. ಗಂಡ ಕಾಯಿಲೆಯವನಾದರೆ ಹೆಂಡತಿಯನ್ನು ಇನ್ನೊಬ್ಬರ ಪಕ್ಕ ಕೂರಿಸಿದೆ, ಇಲ್ಲದಿದ್ದರೆ ಅವನ ಬದಲು ಅವಳೇ ಉತ್ತರ ಕೊಡುತ್ತಾಳೆ. ಈಗ ಮೇಷ್ಟ್ರಮ್ಮ ಆ ಕೆಲಸವನ್ನು ನನಗೇ ವಹಿಸಿಬಿಟ್ಟಿದ್ದಾರೆ!

ಮೂರು ವಾರದ ಹಿಂದೆ ಒಬ್ಬ ಬಡಗಿ ಬಂದ. ದೊಡ್ಡ ಆಸಾಮಿ, ಬೆರಳಿನ ಸಂದಿಯಲ್ಲಿ ಇನ್ನೂ ಮರದ ಪುಡಿ. ನನ್ನದೇ ಕಾಯಿಲೆ, ನನ್ನದೇ ಆಪರೇಷನ್ನು, ಬೇಡವೇ ಬೇಡ ಎಂದು ಹಟ ಹಿಡಿದಿದ್ದ. ಅವನ ಹೆಂಡತಿ ನನ್ನ ಕತ್ತನ್ನೇ ನೋಡುತ್ತ, "ಇವರು ಮತ್ತೆ ಮಾತಾಡ್ತಾರಾ?" ಅಂತ ಕೇಳಿದಳು. ನಾನು ಬೆರಳಿಟ್ಟು, "ತಾಯೀ, ಇವರು ಸ್ವಲ್ಪ ಸುಮ್ನಿದ್ರೆ ಸಾಕು ಅಂತ ನೀವೇ ಬೇಡಿಕೊಳ್ಳೋ ದಿನ ಬರುತ್ತೆ" ಅಂದೆ. ಬಡಗಿ ನಕ್ಕ. ಎರಡು ತಿಂಗಳಲ್ಲಿ ಅವನು ನಕ್ಕದ್ದು ಅದೇ ಮೊದಲಂತೆ. ನನ್ನ ಕವಾಟವನ್ನು ಹತ್ತಿರದಿಂದ ಪರೀಕ್ಷಿಸಿ, "ಕೂರಿಸಿರೋ ಕೆಲಸ ಚೆನ್ನಾಗಿದೆ, ಅಂಚು ನೀಟಾಗಿದೆ" ಎಂದು ಸರ್ಟಿಫಿಕೇಟು ಕೊಟ್ಟ. ಕಳೆದ ಸೋಮವಾರ ಅವನ ಆಪರೇಷನ್ ಆಯಿತು, ಚೆನ್ನಾಗಿದ್ದಾನೆ. ಆ ದಿನ ನಾನು ಆಸ್ಪತ್ರೆಯ ಮೆಟ್ಟಿಲನ್ನು ಎರಡೆರಡು ಹಾರಿ ಇಳಿದೆ. ನೀನು ಬಸ್ಸು ಓಡಿಸುವುದಕ್ಕಿಂತ ಇದು ದೊಡ್ಡ ಕೆಲಸ ಕಣೋ, ಬೇಜಾರು ಮಾಡಿಕೊಳ್ಳಬೇಡ.

ಈಗ ನಿನ್ನ ವಿಚಾರಕ್ಕೆ ಬರುತ್ತೇನೆ. ಶುಕ್ರವಾರ ನಮ್ಮ ಡಿಪೋ ಮೆಕ್ಯಾನಿಕ್ ಮನೆಗೆ ಬಂದಿದ್ದ. ಒಂದು ಲೋಟ ಕಾಫಿ ಮುಗಿಸಿ, ಇನ್ನೊಂದು ಕೇಳಿ, ಆಮೇಲೆ ಬಾಯಿಬಿಟ್ಟ. "ಸಾರಥಿ ಬೇರೆ ಡಿಪೋಗೆ ಹೋಗಿದ್ದು ಮಂಡಿನೋವಿಗಲ್ಲ. 'ನನ್ನಿಂದ್ಲೇ ಅವನ ಗಂಟಲು ಹೋಯ್ತು, ಯಾವ ಮುಖ ಇಟ್ಕೊಂಡು ನೋಡ್ಲಿ' ಅಂತಾನೆ" ಎಂದ.

ನೀನು ಏನು ಮಾಡಿದೆ ಎಂದು ನನಗೆ ಗೊತ್ತಿಲ್ಲವೇನೋ? ನನ್ನ ದನಿ ಒಡೆದಾಗ ಸ್ಟಾಪುಗಳ ಹೆಸರನ್ನು ನೀನೇ ಸೀಟಿನಿಂದ ಕೂಗಲು ಶುರುಮಾಡಿದೆ. "ನಮ್ಮ ಕಂಡಕ್ಟರ್ ಸಾಹೇಬ್ರು ಇವತ್ತು ಮೌನವ್ರತ" ಎಂದು ಜನರನ್ನು ನಗಿಸಿದೆ. ನಾನು ಕಂಬಿ ತಟ್ಟುವ ಮೊದಲೇ ಕನ್ನಡಿಯಲ್ಲಿ ನೋಡಿ ಬ್ರೇಕು ಹಾಕಿದೆ. ಡಿಪೋಗೆ ಡಾಕ್ಟರು ತಪಾಸಣೆಗೆ ಬಂದ ದಿನ ಕೊನೆಯ ಸ್ಟಾಪಿನಲ್ಲಿ ಬೇಕೆಂದೇ ಬಸ್ಸು ನಿಲ್ಲಿಸಿ, ಬಾನೆಟ್ಟು ಎತ್ತಿ, ಇಲ್ಲದ ರಿಪೇರಿ ಮಾಡಿದೆ. ನಾವು ಬರುವಷ್ಟರಲ್ಲಿ ಡಾಕ್ಟರು ಹೊರಟುಹೋಗಿದ್ದರು, ಇಬ್ಬರೂ ಕೈ ಕೈ ತಟ್ಟಿ ನಕ್ಕೆವು. ದನಿಯಿಲ್ಲದ ಕಂಡಕ್ಟರನನ್ನು ಬಸ್ಸಿನಿಂದ ಇಳಿಸುತ್ತಾರೆ, ಹತ್ತೊಂಬತ್ತು ವರ್ಷದ ಜೋಡಿ ಮುರಿಯುತ್ತಾರೆ ಎನ್ನುವುದೇ ಇಬ್ಬರ ಹೆದರಿಕೆ. ಹೀಗೆ ಎಂಟು ತಿಂಗಳು ಕಳೆಯಿತು. ದನಿ ಮೂರು ವಾರವಾದರೂ ಸರಿಹೋಗದಿದ್ದರೆ ಬಂದು ತೋರಿಸಬೇಕಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು.

ಬಾನೆಟ್ಟು ಎತ್ತಿದವನು ನೀನು. ಎತ್ತು ಎಂದು ಕಣ್ಣುಸನ್ನೆ ಮಾಡಿದವನು ನಾನು. ಕೊನೆಯ ಸ್ಟಾಪಿನ ಮರದಡಿ ನಾವಿಬ್ಬರೂ ಒಟ್ಟಿಗೆ ಸೇದಿದ ಸಿಗರೇಟಿನಲ್ಲಿ ನಿನ್ನ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಭಾಗ ಮಾಡುತ್ತ ಕೂರುವುದಿಲ್ಲ. ನೀನೂ ಕೂರಬೇಡ. ನಿನ್ನ ಗಂಟಲನ್ನೂ ಒಮ್ಮೆ ತೋರಿಸು, ಇದು ಆಜ್ಞೆ.

ಬರುವ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಹಳೆಯ ಡಿಪೋದ ಕ್ಯಾಂಟೀನಿನಲ್ಲಿ ಎಲ್ಲ ಡ್ರೈವರು, ಕಂಡಕ್ಟರುಗಳ ಮುಂದೆ ನಾನು ಮಾತಾಡುತ್ತೇನೆ! ಮ್ಯಾನೇಜರು ಮೊದಲು, "ಆ ಹೆಸರು ನೋಟೀಸಿನಲ್ಲಿ ಬೇಡ, ಆರೋಗ್ಯ ಮಾಹಿತಿ ಅಂತ ಹಾಕೋಣ" ಎಂದು ರಾಗ ಎಳೆದರು. "ಹಾಗಾದ್ರೆ ನಾನು ಬರಲ್ಲ" ಅಂದೆ. ಈ ದನಿಗೆ ಯಾರೂ ಎದುರಾಡುವುದಿಲ್ಲ ಕಣೋ, ಎಂಥ ಅನುಕೂಲ! ಈಗ ಗೇಟಿನಲ್ಲೇ ನೋಟೀಸು ಅಂಟಿಸಿದ್ದಾರೆ, "ಕ್ಯಾನ್ಸರ್ ಜೊತೆ ನಮ್ಮ ಕಂಡಕ್ಟರ್" ಎಂದು. ಮಾತು ಮುಗಿದ ಮೇಲೆ ಡಾಕ್ಟರು ಅಲ್ಲೇ ಎಲ್ಲರ ಗಂಟಲು ನೋಡುತ್ತಾರೆ.

ನೀನು ಬರಬೇಕು. ಮೂಲೆಯಲ್ಲಿ ನಿಂತು ಕೇಳಿಕೊಂಡು ಹೋಗುವುದಲ್ಲ, ನನ್ನ ಪಕ್ಕ ನಿಂತು ಆ ಎಂಟು ತಿಂಗಳ ಕಥೆ ಹೇಳಬೇಕು. ಆ ಕ್ಯಾಂಟೀನಿನಲ್ಲಿ ಕೂರುವ ಪ್ರತಿ ಜೋಡಿಯಲ್ಲೂ ಒಬ್ಬ ಏನನ್ನೋ ಮುಚ್ಚಿಡುತ್ತಿರುತ್ತಾನೆ, ಇನ್ನೊಬ್ಬ ಪ್ರೀತಿಯಿಂದಲೇ ಅದಕ್ಕೆ ಮುಸುಕು ಹಾಕುತ್ತಿರುತ್ತಾನೆ. ಮುಚ್ಚಿಟ್ಟವನ ಪಾಲನ್ನು ನಾನು ಹೇಳಬಲ್ಲೆ. ಇನ್ನೊಬ್ಬನದನ್ನು ಹೇಳಲು ನೀನೇ ಬೇಕು. ನಿನ್ನನ್ನು ನೋಡಿ ಒಬ್ಬನಾದರೂ ತನ್ನ ಜೊತೆಗಾರನನ್ನು ಎಳೆದುಕೊಂಡು ಡಾಕ್ಟರ ಹತ್ತಿರ ಹೋದರೆ ಸಾಕು. ಅದೂ ಅಲ್ಲದೆ, ನೀನಿಲ್ಲದೆ ಅಷ್ಟು ಜನರೆದುರು ಎದ್ದು ನಿಲ್ಲಲು ನನಗೆ ಧೈರ್ಯ ಸಾಲದು. ಇದನ್ನು ಯಾರಿಗೂ ಹೇಳಬೇಡ.

ಅತ್ತಿಗೆಗೆ ನನ್ನ ನಮಸ್ಕಾರ. ಮಕ್ಕಳಿಗೆ ನನ್ನ ಆಶೀರ್ವಾದ ತಲುಪಿಸು, ಅವರು ಆರೋಗ್ಯವಾಗಿ, ಬಾಯ್ತುಂಬ ಮಾತಾಡಿಕೊಂಡು ನೂರು ವರ್ಷ ಬಾಳಲಿ. ನಿನ್ನ ಮಂಡಿಗೂ ಒಳ್ಳೆಯದಾಗಲಿ.

ನಿನ್ನವನೇ ಆದ,
ಸೀಟಿ

ತಾ.ಕ.: ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿದ್ದೆ, ಹರಿದು ಮತ್ತೆ ತೆಗೆದೆ. ತನ್ನ ಆಪರೇಷನ್ನಿನ ಹಿಂದಿನ ದಿನ ಬಡಗಿ ನನ್ನನ್ನು ಕೇಳಿದ, "ಅಣ್ಣ, ನಿಮ್ಮ ಸ್ವಂತ ದನಿಯಲ್ಲಿ ಕೊನೇದಾಗಿ ಏನು ಮಾತಾಡಿದ್ರಿ?" ಮರೆತುಹೋಯ್ತು ಎಂದು ನಕ್ಕುಬಿಟ್ಟೆ. ಅದು ಸುಳ್ಳು. ನನ್ನ ಆಪರೇಷನ್ನಿನ ದಿನ ಬೆಳಿಗ್ಗೆ ಡಾಕ್ಟರು, "ಹತ್ತು ನಿಮಿಷ ಇದೆ, ಮಾತಾಡೋದಿದ್ರೆ ಆಡಿಬಿಡಿ" ಎಂದು ಉಳಿದವರನ್ನೆಲ್ಲ ಹೊರಗೆ ಕಳಿಸಿದರು. ನಿನ್ನ ತಂಗಿ ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಇಪ್ಪತ್ತೇಳು ವರ್ಷದ ಸಂಸಾರ, ಅವಳಿಗೆ ಹೇಳಲು ಏನೆಲ್ಲ ಇತ್ತು. ನಾನು ಬಾಗಿಲನ್ನೇ ನೋಡುತ್ತಿದ್ದೆ, ನೀನು ಬರುತ್ತೀಯ ಎಂದು. ಕಡೆಗೆ ಅವಳಿಗೆ, "ಹೊರಗೆ ಹೋಗಿ ನೋಡು, ಸಾರಥಿ ಬಂದಿರಬಹುದು" ಎಂದೆ. ಅವಳು ಎದ್ದು, ಗೇಟಿನವರೆಗೂ ಹೋಗಿ ಹುಡುಕಿದಳು. ತಿರುಗಿ ಬರುವಷ್ಟರಲ್ಲಿ ನನ್ನನ್ನು ಒಳಗೆ ಕರೆದುಕೊಂಡು ಹೋಗಿದ್ದರು. ನನ್ನ ದನಿಯಲ್ಲಿ ಅವಳು ಕೇಳಿದ ಕೊನೆಯ ಮಾತು ಅದೇ. ಇವತ್ತಿಗೂ ಅವಳು ಅದನ್ನು ಎತ್ತಿ ಆಡಿಲ್ಲ. ಶನಿವಾರ ಬಂದರೆ ನನ್ನನ್ನು ಆಮೇಲೆ ನೋಡುವೆಯಂತೆ, ಮೊದಲು ಅವಳ ಹತ್ತಿರ ಹೋಗಿ, ನಾನು ಬಂದೆ ತಂಗೀ ಎಂದು ಹೇಳು.