ಎಂಟು ಹುಣಸೆಬೀಜ

ಹೊಸನಗರ
೧೨ ಮಾರ್ಚ್ ೨೦೨೫

ಚಿ. ಸೌ. ಶರಾವತಿಗೆ,

ನಿನ್ನ ಅಮ್ಮ ಮಾಡುವ ಆಶೀರ್ವಾದ. ಮಂಡಿನೋವೊಂದು ಬಿಟ್ಟರೆ ನಾನು ಗಟ್ಟಿಯಾಗಿದ್ದೇನೆ. ಧಾರವಾಡದಲ್ಲಿ ನೀನು, ಅಳಿಯಂದಿರು, ಮಕ್ಕಳು ಕ್ಷೇಮವೆಂದು ನಂಬಿದ್ದೇನೆ.

ಸಂಕ್ರಾಂತಿಯ ದಿನ ಫೋನಿನಲ್ಲಿ ನೀನು, “ಅಮ್ಮಾ, ಸಣ್ಣವಳಿದ್ದಾಗ ನಾನು ಮಾತಾಡ್ತಿದ್ದೆನಲ್ಲ, ಆ ಹಲಗೆ ಗೋಡೆ ಇನ್ನೂ ಇದ್ಯಾ?” ಎಂದು ಕೇಳಿದೆ. ನಾನು ಫೋನ್ ಇಟ್ಟುಬಿಟ್ಟೆ. ಆಮೇಲೆ ನೀನು ಮಾಡಿದಾಗಲೆಲ್ಲ ಸ್ನಾನ, ಅಡುಗೆ ಎಂದು ನೆಪ ಹೇಳಿದೆ. ಎರಡು ತಿಂಗಳಾಯಿತು. ತಪ್ಪು ನನ್ನದೇ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದು.

ಗೋಡೆ ಇದೆ.

ಕೆಳಗಿನ ಮನೆಯನ್ನು ವಿಶ್ವವಿದ್ಯಾಲಯದ ಕೇಂದ್ರಕ್ಕೆ ಕೊಟ್ಟು ಒಂದೂವರೆ ವರ್ಷವಾಯಿತು. ಕಿವಿ ಕೇಳದ, ಕಣ್ಣು ಕಾಣದ ಮಕ್ಕಳು ತಮ್ಮ ಊರ ಶಾಲೆಯಲ್ಲೇ ಎಲ್ಲರ ಜೊತೆ ಕೂತು ಕಲಿಯುವ ಹಾಗೆ ಇವರು ತಯಾರು ಮಾಡುತ್ತಾರೆ. ತಾಯಂದಿರಿಗೂ ಪಾಠ ಉಂಟು. ಸಾಗರದಲ್ಲೊಂದು, ತೀರ್ಥಹಳ್ಳಿಯಲ್ಲೊಂದು ಇಂಥದ್ದಿದೆ. ನಡುವಿನದು ನಮ್ಮ ಮನೆ. ಗೇಣಿ ಭತ್ತ ಅಳೆದುಕೊಟ್ಟು ಕೈಕಟ್ಟಿ ನಿಂತ ಜನ ನಾವು. ಆಮೇಲೆ ಅಕ್ಕಿ ಗಿರಣಿ ಹಾಕಿ, ನಮ್ಮವರಲ್ಲಿ ಮೊದಲು ಈ ಪೇಟೆಯಲ್ಲಿ ಮಹಡಿ ಎಬ್ಬಿಸಿದವರೂ ನಾವೇ. ಅಂಥ ಮನೆಗೆ ಬೀಗ ಬಿದ್ದಿದೆ ಎಂದು ಯಾರಿಂದಲೂ ಅನ್ನಿಸಿಕೊಳ್ಳಲಾರೆ. ಅದಕ್ಕೇ ಕೊಟ್ಟೆ. ಕರುಣೆಗೆ ಕೊಟ್ಟೆ ಎಂದು ತಿಳಿಯಬೇಡ.

ಪಾಠ ಹೇಳುವವಳು ಭವ್ಯಾ, ತೀರ್ಥಹಳ್ಳಿ ಕಡೆಯ ಹುಡುಗಿ. ಅವಳ ತಮ್ಮನಿಗೆ ಕಿವಿ ಕೇಳುವುದಿಲ್ಲವಂತೆ. ಒಂದು ದಿನ ಮಜ್ಜಿಗೆ ಕುಡಿಯುತ್ತಾ, “ನಮ್ಮಮ್ಮ ಅವನನ್ನ ಮದುವೆ ಮನೇಲಿ ಮುಂದಿನ ಸಾಲಲ್ಲೇ ಕೂರಿಸ್ತಿದ್ರು ಅಜ್ಜಿ, ನೋಡೋರು ನೋಡ್ಲಿ ಅಂತ” ಎಂದಳು. ನಾನು ಎದ್ದು ಒಳಗೆ ಹೋದೆ.

ಕಿವಿ ಕೇಳದ ಮಕ್ಕಳಿಗೆ ಅವಳು ಒಂದು ಆಟ ಆಡಿಸುತ್ತಾಳೆ. ಮಕ್ಕಳು ಹಲಗೆ ಗೋಡೆಗೆ ಎಡ ಅಂಗೈ ಒತ್ತಿ ಕೂರುತ್ತಾರೆ. ಇವಳು ಅವರ ಬೆನ್ನ ಹಿಂದೆ ಡೋಲು ಹೊಡೆಯುತ್ತಾಳೆ. ಅಂಗೈಗೆ ಅದುರು ತಾಗಿದಾಗಲೆಲ್ಲ ಬಟ್ಟಲಿಗೆ ಒಂದು ಹುಣಸೆಬೀಜ ಹಾಕಬೇಕು. ಡಿಸೆಂಬರಿನ ಒಂದು ಮಧ್ಯಾಹ್ನ ಇವಳು ಐದು ಏಟು ಹೊಡೆದಳು. ಆರು ಮಕ್ಕಳ ಆರೂ ಬಟ್ಟಲಿನಲ್ಲಿ ಎಂಟೆಂಟು ಬೀಜ.

ಇವಳು ನಕ್ಕು ಮತ್ತೆ ಐದು ಹೊಡೆದಳು. ಮತ್ತೆ ಎಂಟು. ಎದುರಿನ ಮಣ್ಣುಗೋಡೆಯಲ್ಲಿ ಹಾಕಿದ್ದ ಮರದ ಕಪಾಟಿಗೆ ಕೈ ಇಡಿಸಿ ನೋಡಿದಳು. ಸರಿಯಾಗಿ ಐದು.

ಅವರ ವ್ಯಾನ್ ಓಡಿಸುವ ರವೀಶ ಬಾಗಿಲಲ್ಲಿ ನಿಂತು, “ಎಂತ ವೆಂಕಮ್ಮಜ್ಜಿ, ನಿಮ್ ಗಿರಣಿ ಸತ್ತ ಮೇಲೂ ಅಕ್ಕಿ ಮಾಡ್ತಾ ಇದ್ಯಾ?” ಎಂದ. ಗಿರಣಿಯ ಯಂತ್ರವನ್ನು ಗುಜರಿಗೆ ಹಾಕಿ ಹನ್ನೆರಡು ವರ್ಷವಾಯಿತು. “ನಿನ್ ಬಾಯಿ ಒಂದು ಗಿರಣಿ, ಸುಮ್ನಿರು” ಎಂದು ಗದರಿಸಿದೆ.

ಮರುವಾರ ನಗರ ಹೋಬಳಿಯಿಂದ ಹೊಸ ಹುಡುಗ ಬಂದ. ಅವನಿಗೆ ಏನೂ ತಿಳಿಯದು. ಅವನದೂ ಎಂಟು. ಕೊನೆಗೆ ಭವ್ಯಾ ಡೋಲನ್ನು ಹೊರಗಿಟ್ಟು ಬಂದು ಸುಮ್ಮನೆ ನಿಂತಳು. ಮಕ್ಕಳು ಗೋಡೆಗೆ ಕೈ ಇಟ್ಟೇ ಇದ್ದರು. ಒಂದು ಬೀಜ ಹಾಕಿದರು. ತಡೆದರು. ಆಮೇಲೆ ಬೇಗಬೇಗ ಇನ್ನೆರಡು. ಏಳೂ ಮಕ್ಕಳು, ಒಟ್ಟಿಗೆ.

ಅಲ್ಲಿ ಹುಂಚದಿಂದ ಬರುವ ವಿನಯಾ ಎಂಬ ಏಳು ವರ್ಷದ ಹುಡುಗಿಯಿದ್ದಾಳೆ. ನನ್ನ ಹತ್ತಿರ ಬಂದು ಮೊಣಕಾಲಿನ ಮೇಲೆ ತಟ್ಟಿ ತೋರಿಸಿದಳು. ಒಂದು, ಬಿಟ್ಟು ಎರಡು. ನನ್ನ ಕೈಲಿದ್ದ ಮಜ್ಜಿಗೆ ಚೊಂಬು ಕೆಳಗಿಡಬೇಕಾಯಿತು.

ಈ ಮಕ್ಕಳು ತಾವು ಕಂಡವರಿಗೆಲ್ಲ ಕೈಯಲ್ಲೇ ಒಂದು ಹೆಸರಿಡುತ್ತಾರೆ. ಭವ್ಯಾಳಿಗೆ ಕೆನ್ನೆಯ ಗುಳಿ, ರವೀಶನಿಗೆ ಮೀಸೆ. ನನಗೇನು ಇಟ್ಟಿದ್ದಾರೆ ಎಂದು ಕೇಳಿದೆ. ವಿನಯಾ ಬೆರಳು ಮಡಚಿ, ಗಾಳಿಯಲ್ಲಿ ಏನನ್ನೋ ಹಿಡಿದು ಅಡ್ಡಕ್ಕೆ ಎಳೆದಳು. ಚಿಲಕ ಹಾಕುವ ಹಾಗೆ. “ಸಂಜೆ ಗೇಟು ಹಾಕೋರು ನೀವಲ್ವಾ ಅಜ್ಜಿ, ಅದಕ್ಕಿರ್ಬೇಕು” ಎಂದಳು ಭವ್ಯಾ. ಗೇಟಿಗೆ ಸರಪಳಿ, ಬೀಗ. ಅದಕ್ಕೆ ಚಿಲಕವೇ ಇಲ್ಲ.

ಕೇಂದ್ರದ ಮುಖ್ಯಸ್ಥರು ಮಧುಸೂದನ ಮೇಷ್ಟ್ರು. ಅವರಿಗೆ ಹುಟ್ಟಿನಿಂದ ಕಣ್ಣಿಲ್ಲ. ಕಳೆದ ತಿಂಗಳು ಬಂದವರು ಕೋಲಿನಿಂದ ಗೋಡೆಯನ್ನು ಉದ್ದಕ್ಕೂ ಬಡಿದು, ಒಂದು ಕಡೆ ನಿಂತು, “ಇಲ್ಲೊಂದು ಬಾಗಿಲಿತ್ತಲ್ವಾ ಅಮ್ಮಾ? ಹಿಂದೆ ಕೋಣೆ ಇದೆ” ಎಂದರು. ಮೂರು ಸಲ ಬಣ್ಣ ಹೊಡೆಸಿದ ಗೋಡೆ ಅದು. ತಾಯಂದಿರು ಬೆಳಗಿನಿಂದ ಜಗಲಿಯ ಮೇಲೆ ಕೂರುತ್ತಾರೆ, ಆ ಕೋಣೆ ಬಿಡಿಸಿಕೊಟ್ಟರೆ ಅವರಿಗಾಗುತ್ತದೆ. ಜಾಗ ಸಾಲದಿದ್ದರೆ ಈ ಕೇಂದ್ರವನ್ನು ತೀರ್ಥಹಳ್ಳಿಯದಕ್ಕೆ ಸೇರಿಸಬೇಕಾಗುತ್ತದೆ ಎಂದರು. ಹಾಗಾದರೆ ನಗರದ ಹುಡುಗ ಬರಲಾರ, ಅಷ್ಟು ದೂರ ಯಾರು ಕರೆದೊಯ್ಯುತ್ತಾರೆ? ಆದರೂ ನಾನು ಎರಡು ಸಲ ಆಗುವುದಿಲ್ಲ ಎಂದೆ. ಮೂರನೆಯ ಸಲ ಮೊನ್ನೆ ಕೇಳಿದರು. ಆಗಲಿ ಎಂದೆ.

ಯುಗಾದಿಯ ಮಾರನೆಯ ದಿನ ಬಡಗಿ ನಿಂಗಪ್ಪ ಬರುತ್ತಾನೆ. ಅಷ್ಟರೊಳಗೆ ನೀನು ಬಾ. ಒಬ್ಬಳೇ ಬಾ. ರಜೆ ಇಲ್ಲ ಎನ್ನಬೇಡ.

ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಮಕ್ಕಳಿಗೆ ಮುತ್ತು. ನಿನ್ನ ಮನೆಯ ಬಾಗಿಲುಗಳು ಯಾವಾಗಲೂ ತೆರೆದಿರಲಿ.

ಇಂತಿ ನಿನ್ನ ಅಮ್ಮ,
ವೆಂಕಮ್ಮ ಸೀತಾರಾಮಪ್ಪ

ಮರೆತೆನೆಂದು ಕೆಳಗೆ ಬರೆಯುತ್ತಿಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ.

ನಿನಗಿಂತ ಮೂರು ವರ್ಷ ದೊಡ್ಡವಳು ಒಬ್ಬಳು ಅಕ್ಕನಿದ್ದಳು. ಕನ್ನಮ್ಮ. ಹುಟ್ಟಿನಿಂದ ಕಿವಿ ಕೇಳದು, ಮಾತೂ ಬರಲಿಲ್ಲ. ಹಳ್ಳಿಯಲ್ಲಿ ನಿನ್ನ ಅಜ್ಜಿ ಸಾಕುತ್ತಿದ್ದರು. ಅವರು ತೀರಿಕೊಂಡ ಮೇಲೆ ಇಲ್ಲಿಗೆ ತಂದೆವು. ಅದು ನಿನ್ನ ಅತ್ತೆಗೆ ಗಂಡು ನೋಡುತ್ತಿದ್ದ ವರ್ಷ. ಮನೆಯಲ್ಲಿ ಇಂಥ ಮಗುವಿದೆ ಎಂದು ತಿಳಿದರೆ ಸಂಬಂಧ ಕೂಡದು ಎಂದು ಅವಳನ್ನು ಹಲಗೆಯ ಹಿಂದಿಟ್ಟೆವು. ನಿನ್ನ ಅಪ್ಪ ಹೇಳಿದರು ಎಂದು ಬರೆಯಬಹುದಿತ್ತು. ಹೇಳಿದವಳು ನಾನು. ಎಂಟು ತಿಂಗಳು. ನೀನು ಬಾಲವಾಡಿಗೆ ಹೋದ ಮೇಲೆ ಬಾಗಿಲು ತೆಗೆದು ಅವಳ ತಲೆ ಬಾಚುತ್ತಿದ್ದೆ. ನಾನು ಬೇಕಾದಾಗ ಅವಳು ಹಲಗೆ ತಟ್ಟುತ್ತಿದ್ದಳು. ಒಂದು, ಬಿಟ್ಟು ಎರಡು. ಈಚೆಯಿಂದ ನೀನು ಎರಡು ತಟ್ಟಿ ಉತ್ತರ ಕೊಡುತ್ತಿದ್ದೆ. “ಒಳಗೆ ಯಾರೋ ಇದಾರಮ್ಮ” ಎಂದಾಗ ಭ್ರಮೆ ಎಂದೆ. ಸೌಟಿನ ಹಿಡಿಯಿಂದ ನಿನ್ನ ಬೆರಳಿಗೆ ಹೊಡೆದೆ. ತಾಯಿತ ಕಟ್ಟಿಸಿದೆ. ನೀನು ಸುಳ್ಳು ಹೇಳಿರಲಿಲ್ಲ, ಮಗಳೇ.

ಸಾಗರದಿಂದ ಗಂಡಿನ ಕಡೆಯವರು ಬಂದ ದಿನ ಅವಳಿಗೆ ಜ್ವರ. ಬೆಳಗಿನಿಂದ ತಟ್ಟಿದಳು. ನಾನು ಕಡುಬು ಬೇಯಿಸುತ್ತಾ ಕೇಳಿಸಿಕೊಂಡೆ. ಇಲಿ ಕಾಟ ಎಂದು ಅವರೆದುರು ನಕ್ಕೆ. ಊಟವಾಗುವ ಹೊತ್ತಿಗೆ ತಟ್ಟುವುದು ನಿಂತಿತು. ಸದ್ಯ ಮಲಗಿದಳು ಎಂದುಕೊಂಡೆ. ಅವರು ವೀಳ್ಯ ಹಾಕಿಕೊಂಡು ಹೊರಟ ಮೇಲೆ ಚಿಲಕ ತೆಗೆದೆ.

ನಿನ್ನೆ ಮಧ್ಯಾಹ್ನ ಭವ್ಯಾಳಿಗೆ ಹೇಳಿ ವಿನಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೋಡೆಗೆ ಅಂಗೈ ಇಟ್ಟೆ. ನನಗೆ ಏನೂ ತಾಗಲಿಲ್ಲ. ಅವಳು ಮೂರು ಬೀಜ ಹಾಕಿದಳು. ನೀನು ತಟ್ಟುತ್ತಿದ್ದ ಹಾಗೆಯೇ ನಾನು ಎರಡು ತಟ್ಟಿದೆ. ವಿನಯಾ ಬಹಳ ಹೊತ್ತು ಗೋಡೆಗೆ ಕೈ ಒತ್ತಿ ಕಾದಳು. ಆಮೇಲೆ ನನ್ನ ಮುಖ ನೋಡಿ, ಏನೋ ಸನ್ನೆ ಮಾಡಿದಳು. ಭವ್ಯಾ ತಿಳಿಸಿ ಹೇಳಲು ಹಿಂಜರಿದಳು. ಹೇಳು ಎಂದೆ.

“ಈ ಕೈ ಅಲ್ವಂತೆ ಅಜ್ಜಿ.”